ಅಪ್ಪನಿಗೆ ಮೆದುಳಿನ ಕ್ಯಾನ್ಸರ್, ಮನೆಯವರು ಧೈರ್ಯವಾಗಿರೋದು ಹೇಗೆ?

ನಿಮ್ಮ ತಂದೆಗೆ ಗ್ಲಯೋಬ್ಲಾಸ್ಟೊಮಾ, ಸೋಮವಾರದಿಂದ ರೇಡಿಯೇಷನ್, ಮನೆಯಲ್ಲಿ ಯಾರಿಗೂ ಊಟ ಸೇರುತ್ತಿಲ್ಲ ಅಂತ ಬರೆದಿದ್ದೀರಿ. ಓದಿ ಸಂಕಟವಾಯಿತು. ಕಳೆದ ವರ್ಷ ನಮ್ಮ ಮನೆಯೂ ಹೀಗೇ ಇತ್ತು. ನಮ್ಮಣ್ಣನಿಗೆ ಇದೇ ಕಾಯಿಲೆ. ಆಪರೇಷನ್ ನಿಮ್ಹಾನ್ಸ್‌ನಲ್ಲಿ ಆಯಿತು, ರೇಡಿಯೇಷನ್ ಪಕ್ಕದ ಕಿದ್ವಾಯಿಯಲ್ಲಿ.

‘ಪೂರ್ತಿ ವಾಸಿ ಆಗುತ್ತಾ’ ಅಂತ ದಿನಾ ಕೇಳಿಕೊಳ್ಳುತ್ತಾ ಕೂತರೆ ಧೈರ್ಯ ಉಳಿಯಲ್ಲ. ನಾವು ಇವತ್ತಿನ ದಿನವನ್ನಷ್ಟೇ ಹಿಡಿದುಕೊಂಡೆವು. ಸಾಮಾನ್ಯವಾಗಿ ವಾರಕ್ಕೆ 5 ದಿನ, 6 ವಾರ, ಒಟ್ಟು 30 ಸಲ ರೇಡಿಯೇಷನ್ ಕೊಡುತ್ತಾರೆ. ಆಸ್ಪತ್ರೆಯಿಂದ ಬಂದ ತಕ್ಷಣ ಅಮ್ಮ ಅಡುಗೆಮನೆ ಕ್ಯಾಲೆಂಡರಿನಲ್ಲಿ ಒಂದು ಗೀಟು ಎಳೆದು, ‘ಇವತ್ತಿಗೆ ಹನ್ನೊಂದು’ ಅಂತ ಎಲ್ಲರಿಗೂ ಕೇಳೋ ಹಾಗೆ ಹೇಳುತ್ತಿದ್ದರು. ತಲೆ ಅಲ್ಲಾಡಬಾರದು ಅಂತ ಮುಖಕ್ಕೆ ಜಾಲರಿ ಮಾಸ್ಕ್ ಹಾಕಿ ಬಿಗಿಯುತ್ತಾರಲ್ವಾ, ಅದರ ಗುರುತು ಅಣ್ಣನ ಹಣೆ ಮೇಲೆ ಹಾಗೇ ಇರುತ್ತಿತ್ತು. ಅವನ ಮಗಳು ಮಡಿಲಲ್ಲಿ ಕೂತು ಬೆರಳಿಟ್ಟು ಆ ಚುಕ್ಕಿಗಳನ್ನ ಎಣಿಸುತ್ತಿದ್ದಳು. ಅವನು ಕಣ್ಣು ಮುಚ್ಚಿ ಎಣಿಸಿಕೊಳ್ಳುತ್ತಿದ್ದ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಪ್ಪ ಇದ್ದಕ್ಕಿದ್ದ ಹಾಗೆ ರೇಗಬಹುದು. ನಮ್ಮಣ್ಣ ಜೋರಾಗಿ ಮಾತಾಡಿದವನೇ ಅಲ್ಲ, ಒಂದು ರಾತ್ರಿ ಅನ್ನ ಆರಿದೆ ಅಂತ ತಟ್ಟೆ ತಳ್ಳಿಬಿಟ್ಟ. ಅತ್ತಿಗೆ ಬಚ್ಚಲಿಗೆ ಹೋಗಿ ಅತ್ತರು. ಮೆದುಳಿನ ಊತಕ್ಕೆ ಕೊಡೋ ಡೆಕ್ಸಾಮೆಥಾಸೋನ್‌ನಿಂದ, ಫಿಟ್ಸ್‌ಗೆ ಕೊಡೋ ಲೆವೆಟಿರಾಸೆಟಮ್‌ನಿಂದ ಹೀಗಾಗಬಹುದು, ಕಾಯಿಲೆಯಿಂದಲೂ ಆಗಬಹುದು ಅಂತ ಡಾಕ್ಟರ್ ಹೇಳಿದ ಮೇಲೆ ಮನಸ್ಸು ಸ್ವಲ್ಪ ಹಗುರಾಯಿತು. ನೀವೇ ಮಾತ್ರೆ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ.

ಇನ್ನೊಂದು, ರೇಡಿಯೇಷನ್ ಮುಗಿದ ಮೇಲಿನ ಮೊದಲ ಎಂಆರ್‌ಐನಲ್ಲಿ ಚಿಕಿತ್ಸೆಯ ಊತವೇ ಗೆಡ್ಡೆ ಬೆಳೆದ ಹಾಗೆ ಕಾಣಬಹುದು. ರಿಪೋರ್ಟ್ ಕೈಗೆ ಬಂತು ಅಂತ ರಾತ್ರಿ ಗೂಗಲ್ ಮಾಡುತ್ತಾ ಕೂರಬೇಡಿ. ನಾನು ಕೂತಿದ್ದೆ, ಬೆಳಗಾಗೋವರೆಗೂ.

ಆಮೇಲೆ, ಅಪ್ಪನನ್ನ ಸುಮ್ನೆ ಮಲಗಿಸಿ ಇಡಬೇಡಿ. ಸುಸ್ತು ಇಲ್ಲದ ಹೊತ್ತಲ್ಲಿ ಮನೆಗೆ ಬೇಕಾದ ಒಂದು ಕೆಲಸ ಕೊಡಿ. ಅಣ್ಣನ ಎಡಗೈಗೆ ಶಕ್ತಿ ಇರಲಿಲ್ಲ. ಅವರೆಕಾಯಿ ಕಾಲದಲ್ಲಿ ಅಮ್ಮ ನೆನೆಸಿದ ಕಾಳಿನ ಬಟ್ಟಲು ಮುಂದಿಟ್ಟು ‘ಹಿತುಕಿ ಕೊಡಪ್ಪ’ ಅಂದರು. ಮೊದಲ ದಿನ ಅರ್ಧ ಗಂಟೆಗೆ ಹತ್ತು ಕಾಳೂ ಆಗಲಿಲ್ಲ. ಜಾರಿ ಬೀಳುತ್ತಿತ್ತು, ಹೆಕ್ಕಿ ಮತ್ತೆ ಹಿತುಕುತ್ತಿದ್ದ. ಸಂಕ್ರಾಂತಿ ಹೊತ್ತಿಗೆ ಮನೆಮಂದಿಗೆಲ್ಲ ಸಾರಿಗೆ ಸಾಕಾಗೋ ಅಷ್ಟು ಬೇಳೆ ಅವನೊಬ್ಬನೇ ಹಿತುಕಿ ಕೊಟ್ಟ.