ನಕ್ಷೆ ಮುಗಿಯುವ ಮೊದಲೇ ಊರಿಗೆ ಹೋಗಬೇಕು

ಪ್ರಶ್ನೆ: ಮಾನ್ಯರೇ, ನಾನು ಪವನ ವಿದ್ಯುತ್ ಕಂಪನಿಯೊಂದರಲ್ಲಿ ಸಮುದಾಯ ಸಂಪರ್ಕಾಧಿಕಾರಿಯಾಗಿ ಈಚೆಗೆ ಸೇರಿದ್ದೇನೆ. ಸರ್ಕಾರದ ಪರವಾನಗಿಗಳೆಲ್ಲ ಕೈಸೇರಿವೆ. ಮಾಹಿತಿ ಸಭೆ ನಡೆಸಿದ್ದೇವೆ, ಕರಪತ್ರ ಹಂಚಿದ್ದೇವೆ. ಆದರೂ ಯೋಜನಾ ಪ್ರದೇಶದ ಜನ ನಮ್ಮನ್ನು ನಂಬುತ್ತಿಲ್ಲ. ನಾವು ಎಲ್ಲಿ ತಪ್ಪಿದ್ದೇವೆ?

ಉತ್ತರ: ಉತ್ತರದ ಒಂದು ಎಳೆ ನಿಮ್ಮ ಪತ್ರದಲ್ಲಿಯೇ ಇದೆ. ಪರವಾನಗಿ ಬಂದ ಮೇಲೆ ನೀವು ಸಭೆ ಕರೆದಿದ್ದರೆ, ಆ ಹೊತ್ತಿಗೆ ಟರ್ಬೈನ್ ನಿಲ್ಲುವ ಜಾಗ, ರಸ್ತೆ ಹಾಯುವ ದಾರಿ, ವಿದ್ಯುತ್ ತಂತಿ ಎಳೆಯುವ ಮಾರ್ಗ ಎಲ್ಲವೂ ನಿಶ್ಚಯವಾಗಿರುತ್ತವೆ; ಸಭೆಗೆ ಬಂದವರಿಗೆ ಕೇಳಿಸಿಕೊಳ್ಳುವುದೊಂದನ್ನು ಬಿಟ್ಟು ಬೇರೆ ಕೆಲಸ ಉಳಿದಿರುವುದಿಲ್ಲ. ತಾವು ಏನು ಹೇಳಿದರೂ ಏನೂ ಬದಲಾಗುವುದಿಲ್ಲವೆಂಬುದನ್ನು ಜನ ಮೊದಲ ಸಭೆಯಲ್ಲಿಯೇ ಗುರುತಿಸುತ್ತಾರೆ, ಮತ್ತು ಅದನ್ನು ಮರೆಯುವುದಿಲ್ಲ. ಆದ್ದರಿಂದ ಕಂಪನಿ ಎಷ್ಟು ಸಭೆ ನಡೆಸಿತು ಎಂದು ನಾನು ಕೇಳುವುದಿಲ್ಲ. ಊರಿನವರ ಮಾತಿನಿಂದ ಕಂಪನಿಯ ನಕ್ಷೆಯಲ್ಲಿ ಏನು ಬದಲಾಯಿತು ಎಂದು ಕೇಳುತ್ತೇನೆ.

ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಎದುರಿಗೆ ಸಮುದ್ರದಲ್ಲಿರುವ ಮಿಡೆಲ್‌ಗ್ರುಂಡೆನ್ ಪವನ ವಿದ್ಯುತ್ ಸ್ಥಾವರವನ್ನು ಗಮನಿಸಿ. ಮೊದಲ ಯೋಜನೆಯಲ್ಲಿ 27 ಟರ್ಬೈನ್‌ಗಳು ಮೂರು ಸಾಲಿನಲ್ಲಿ ನಿಲ್ಲಬೇಕಿತ್ತು. ಸಾರ್ವಜನಿಕ ಅಹವಾಲು ಸಭೆಗಳ ನಂತರ ಅದು ಬಿಲ್ಲಿನಂತೆ ಬಾಗಿದ ಒಂದೇ ಸಾಲಿನ 20 ಟರ್ಬೈನ್‌ಗಳ ಯೋಜನೆಯಾಯಿತು. ಒಟ್ಟು 40 ಮೆಗಾವಾಟ್ ಸಾಮರ್ಥ್ಯದ ಆ ಸ್ಥಾವರದ ಅರ್ಧ ಪಾಲು ಸಾವಿರಾರು ಸದಸ್ಯರಿರುವ ಸಹಕಾರ ಸಂಘದ್ದಾಗಿತ್ತು, ಉಳಿದರ್ಧ ನಗರದ ವಿದ್ಯುತ್ ಸಂಸ್ಥೆಯದಾಗಿತ್ತು. ಏಳು ಟರ್ಬೈನ್‌ಗಳನ್ನು ಕೈಬಿಟ್ಟದ್ದು ಲೆಕ್ಕದ ಪುಸ್ತಕದಲ್ಲಿ ನಷ್ಟವಾಗಿ ಕಂಡೀತು. ಆದರೆ ರಾಜಧಾನಿಯ ಕಡಲತೀರದಿಂದ ಕಣ್ಣಿಗೆ ನೇರವಾಗಿ ಕಾಣುವ ಸ್ಥಾವರವೊಂದು ಊರಿನ ಒಪ್ಪಿಗೆಯೊಂದಿಗೆ ಎದ್ದುನಿಂತಿತು.

ಪರವಾನಗಿಯೇ ಜನರ ಒಪ್ಪಿಗೆಯಲ್ಲ ಎಂಬುದಕ್ಕೆ ನಾರ್ವೆಯ ಫೋಸೆನ್ ಪ್ರಕರಣ ಸಾಕ್ಷಿ. ಅಲ್ಲಿನ ರೋವಾನ್ ಮತ್ತು ಸ್ಟುರ್‌ಹೈಯ ಪವನ ಸ್ಥಾವರಗಳಲ್ಲಿ 151 ಟರ್ಬೈನ್‌ಗಳಿವೆ. ಅವು ನಿಂತ ನೆಲ ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನಾಂಗದವರು ಚಳಿಗಾಲದಲ್ಲಿ ಹಿಮಸಾರಂಗಗಳನ್ನು ಮೇಯಿಸುವ ಜಾಗ. ಸರ್ಕಾರದ ಪರವಾನಗಿ ಇತ್ತು, ಕಾಮಗಾರಿಯೂ ಮುಗಿಯಿತು. ಆಮೇಲೆ 2021ರ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ, ತಮ್ಮ ಸಂಸ್ಕೃತಿಯನ್ನು ಉಳಿಸಿಕೊಂಡು ಬಾಳುವ ಸಾಮಿ ಜನರ ಹಕ್ಕಿಗೆ ಭಂಗ ಬಂದಿದೆಯೆಂದು ಹೇಳಿ ಆ ಪರವಾನಗಿಯೇ ಅಸಿಂಧುವೆಂದು ತೀರ್ಪಿತ್ತಿತು. ಟರ್ಬೈನ್‌ಗಳು ತಿರುಗುತ್ತಲೇ ಇದ್ದವು, 2023ರಲ್ಲಿ ಪ್ರತಿಭಟನೆ ರಾಜಧಾನಿಗೆ ತಲುಪಿತು, ಕೊನೆಗೆ 2023ರ ಡಿಸೆಂಬರ್ ಮತ್ತು 2024ರ ಮಾರ್ಚ್‌ನಲ್ಲಿ ಒಪ್ಪಂದಗಳಾದವು. ಮೊದಲೇ ಕುಳಿತು ಆಡಬಹುದಾಗಿದ್ದ ಮಾತನ್ನು ಎಲ್ಲವೂ ಕಟ್ಟಿ ಮುಗಿದ ಮೇಲೆ ಆಡಬೇಕಾಯಿತು. ಆ ನಡುವಿನ ವರ್ಷಗಳಲ್ಲಿ ಮೇಯಿಸುವ ಕುಟುಂಬಗಳು ಅನುಭವಿಸಿದ ಆತಂಕವನ್ನು ಯಾವ ಒಪ್ಪಂದವೂ ಹಿಂತಿರುಗಿಸಲಾರದು.

ಇನ್ನೊಂದು ಮಾತು. ‘ಊರಿನವರು’ ಎಂದು ನೀವು ಯಾರನ್ನು ಎಣಿಸುತ್ತಿದ್ದೀರಿ? ಭೂದಾಖಲೆಯಲ್ಲಿ ಹೆಸರಿರುವವರನ್ನು ಮಾತ್ರ ಕರೆದರೆ ಗೇಣಿದಾರರು, ದನ ಮೇಯಿಸುವವರು, ಸೌದೆ ತರುವ ಹೆಂಗಸರು, ಮೀನು ಹಿಡಿಯುವವರು ಹೊರಗುಳಿಯುತ್ತಾರೆ, ಮತ್ತು ಯೋಜನೆಯಿಂದ ಅತಿ ಹೆಚ್ಚು ಕಳೆದುಕೊಳ್ಳುವವರು ಬಹುಪಾಲು ಅವರೇ. ಮುಖಂಡರ ಮನೆಯಲ್ಲಿ ಕುಳಿತು ಮುಗಿಸಿದ ಮಾತುಕತೆ ಊರಿನ ಒಳಗೇ ಒಡಕು ಹುಟ್ಟಿಸುತ್ತದೆ, ಆ ಒಡಕಿನ ಹೊಣೆಯೂ ಕಂಪನಿಯದೇ ಆಗುತ್ತದೆ. ಜನರಿಗೆ ಬಿಡುವಿರುವ ಹೊತ್ತಿನಲ್ಲಿ, ಅವರಾಡುವ ಭಾಷೆಯಲ್ಲಿ, ಹೆಂಗಸರು ನಿಸ್ಸಂಕೋಚವಾಗಿ ಮಾತನಾಡಬಲ್ಲ ಜಾಗದಲ್ಲಿ ಪ್ರತ್ಯೇಕವಾಗಿ ಕೂರಿ.

ತಡವಾಗಿರುವುದು ನಿಜ, ಆದರೆ ನಿಮ್ಮ ಕೈಯಲ್ಲಿ ಇನ್ನೂ ಏನೂ ಉಳಿದಿಲ್ಲವೆಂದಲ್ಲ. ಯಾವುದು ಇನ್ನೂ ಬದಲಾಗಬಹುದು, ಯಾವುದು ಸಾಧ್ಯವಿಲ್ಲ ಎಂಬುದನ್ನು ಬರೆದು, ಅದರೊಂದಿಗೆ ಮತ್ತೊಮ್ಮೆ ಊರಿಗೆ ಹೋಗಿ. ಸಾಧ್ಯವಿಲ್ಲದ್ದನ್ನು ಸಾಧ್ಯವಿಲ್ಲವೆಂದೇ ಹೇಳಿ.

ಪ್ರಶ್ನೆ: ನಮ್ಮ ಭಾಗಕ್ಕೆ ಬಂದ ಕಂಪನಿ ಶಾಲೆಗೆ ಕೊಠಡಿ ಕಟ್ಟಿಸುತ್ತದೆ, ಆರೋಗ್ಯ ಶಿಬಿರ ನಡೆಸುತ್ತದೆ. ಇದನ್ನು ಒಳ್ಳೆಯ ಸಂಬಂಧ ಎನ್ನಬಹುದೇ?

ಉತ್ತರ: ಶಾಲಾ ಕೊಠಡಿಯನ್ನು ಬೇಡವೆನ್ನಬೇಡಿ. ಆದರೆ ಕೊಡುಗೆ ಬೇರೆ, ಪಾಲು ಬೇರೆ. ಕೊಡುಗೆಯನ್ನು ಕೊಟ್ಟವರು ಮುಂದಿನ ವರ್ಷ ನಿಲ್ಲಿಸಬಹುದು. ಪಾಲು ಕರಾರಿನಲ್ಲಿ ಬರೆದ ಹಕ್ಕು. ಡೆನ್ಮಾರ್ಕಿನಲ್ಲಿ 2009ರ ಕಾಯ್ದೆಯು ಹೊಸ ಪವನ ಯೋಜನೆಯ ಕನಿಷ್ಠ ಶೇ. 20ರಷ್ಟು ಷೇರುಗಳನ್ನು ಮೊದಲು 4.5 ಕಿಲೋಮೀಟರ್ ಒಳಗಿನ ನಿವಾಸಿಗಳ ಮುಂದಿಡಬೇಕೆಂದಿತ್ತು. ಆ ಬಗೆಯ ನಿಯಮದಲ್ಲಿ ಒಂದು ಕೊರತೆಯೂ ಇದೆ: ಷೇರು ಕೊಳ್ಳಲು ಹಣವಿದ್ದವರಿಗಷ್ಟೇ ಅದು ಪಾಲು ನೀಡುತ್ತದೆ, ಬಡವರಿಗೆ ಟರ್ಬೈನಿನ ಸದ್ದು ಮಾತ್ರ ಉಳಿಯುತ್ತದೆ. ಜರ್ಮನಿಯಲ್ಲಿ ಉತ್ಪಾದನೆಯಾದ ಪ್ರತಿ ಯೂನಿಟ್‌ಗೆ 0.2 ಯೂರೋ ಸೆಂಟ್‌ವರೆಗೆ ಹಣವನ್ನು ಸುತ್ತಲಿನ ಸ್ಥಳೀಯ ಆಡಳಿತಗಳಿಗೆ ಕೊಡಲು ಕಾನೂನು ಅವಕಾಶ ಮಾಡಿದೆ. ಅಲ್ಲಿ ಹಣ ಎಲ್ಲರ ಖಜಾನೆಗೆ ಸೇರುತ್ತದೆ. ನನಗೆ ಈ ಎರಡನೆಯ ದಾರಿ ಹೆಚ್ಚು ನ್ಯಾಯವೆನಿಸುತ್ತದೆ, ಆದರೆ ಆ ಹಣ ಯಾವುದಕ್ಕೆ ಖರ್ಚಾಗಬೇಕೆಂಬುದನ್ನು ಊರಿನವರೇ ನಿರ್ಧರಿಸಬೇಕು, ಲೆಕ್ಕವನ್ನು ಎಲ್ಲರೂ ಓದುವಂತೆ ಪ್ರತಿ ವರ್ಷ ಪ್ರಕಟಿಸಬೇಕು. ಕೊಠಡಿ ಕಟ್ಟುವ ಮೊದಲು, ಕೊಠಡಿ ಬೇಕೋ ಶಿಕ್ಷಕರು ಬೇಕೋ ಎಂದು ನಿಮ್ಮನ್ನು ಯಾರಾದರೂ ಕೇಳಿದರೇ?

ಪ್ರಶ್ನೆ: ಸ್ಥಳೀಯರಿಗೆ ಉದ್ಯೋಗ ಕೊಡುತ್ತೇವೆ ಎಂಬ ಭರವಸೆಯನ್ನು ನಂಬಬಹುದೇ?

ಉತ್ತರ: ಎಷ್ಟು ಉದ್ಯೋಗ, ಎಷ್ಟು ತಿಂಗಳಿಗೆ ಎಂದು ಲಿಖಿತವಾಗಿ ಕೇಳಿ. ಪವನ ಮತ್ತು ಸೌರ ಸ್ಥಾವರಗಳಲ್ಲಿ ಕಾಮಗಾರಿಯ ಕಾಲಕ್ಕೆ ಕೂಲಿ ಕೆಲಸ ಹೇರಳವಾಗಿರುತ್ತದೆ. ಸ್ಥಾವರ ನಡೆಯತೊಡಗಿದ ಮೇಲೆ ಕೆಲವೇ ತಂತ್ರಜ್ಞರು ಮತ್ತು ಕಾವಲುಗಾರರು ಸಾಕು. ಇದನ್ನು ಮೊದಲೇ ಹೇಳುವ ಕಂಪನಿ ಪ್ರಾಮಾಣಿಕವಾದುದು.

ಪ್ರಶ್ನೆ: ಸಂಜೆ ಸೂರ್ಯ ಇಳಿಯುವಾಗ ಟರ್ಬೈನಿನ ರೆಕ್ಕೆಯ ನೆರಳು ನಮ್ಮ ಮನೆಯೊಳಗೆ ಮಿನುಗುತ್ತಲೇ ಇರುತ್ತದೆ. ದೂರು ಕೊಟ್ಟರೆ ಗುತ್ತಿಗೆದಾರರು ಕಂಪನಿಯ ಕಡೆ, ಕಂಪನಿಯವರು ಗುತ್ತಿಗೆದಾರರ ಕಡೆ ಕೈ ತೋರಿಸುತ್ತಾರೆ. ಏನು ಮಾಡಬೇಕು?

ಉತ್ತರ: ನಿಮ್ಮ ದೂರು ಸಣ್ಣದಲ್ಲ, ಪರಿಹಾರವಿಲ್ಲದ್ದೂ ಅಲ್ಲ. ಯಾವ ದಿನ, ಯಾವ ಗಳಿಗೆಯಲ್ಲಿ ಯಾವ ಮನೆಯ ಮೇಲೆ ನೆರಳು ಬೀಳುತ್ತದೆಂಬುದನ್ನು ಸೂರ್ಯನ ಚಲನೆಯಿಂದ ಮುಂಚಿತವಾಗಿಯೇ ಲೆಕ್ಕ ಹಾಕಬಹುದು, ಆ ಹೊತ್ತಿಗೆ ಟರ್ಬೈನ್ ತಾನಾಗಿಯೇ ನಿಲ್ಲುವಂತೆ ಮಾಡಬಹುದು. ಜರ್ಮನಿಯ ಮಾರ್ಗಸೂಚಿ ಒಂದು ಮನೆಗೆ ವರ್ಷಕ್ಕೆ 30 ಗಂಟೆ, ದಿನಕ್ಕೆ 30 ನಿಮಿಷಗಳ ಮಿತಿ ಹಾಕುತ್ತದೆ. ನೆರಳು ಬಿದ್ದ ದಿನಾಂಕ ಮತ್ತು ಸಮಯವನ್ನು ಗುರುತು ಹಾಕಿಕೊಂಡು ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಕಂಪನಿಗಳಿಗೆ ನನ್ನ ಮಾತು ಇಷ್ಟು: 2011ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ ಒಪ್ಪಿದ ವ್ಯವಹಾರ ಮತ್ತು ಮಾನವ ಹಕ್ಕುಗಳ ಮಾರ್ಗಸೂತ್ರಗಳು, ಅಹವಾಲು ವ್ಯವಸ್ಥೆ ಜನರ ಕೈಗೆ ಎಟುಕುವಂತಿರಬೇಕು, ಪ್ರತಿ ಹಂತಕ್ಕೂ ಗೊತ್ತಾದ ಅವಧಿ ಇರಬೇಕು ಎನ್ನುತ್ತವೆ. ಗುತ್ತಿಗೆದಾರರ ಲಾರಿ ಎಬ್ಬಿಸಿದ ದೂಳು ಊರಿನವರ ಪಾಲಿಗೆ ಕಂಪನಿಯದೇ ದೂಳು. ದೂರು ಕೇಳಲು ಊರಿನಲ್ಲಿಯೇ ಒಬ್ಬರಿರಬೇಕು, ಮತ್ತು ಯಂತ್ರವನ್ನು ನಿಲ್ಲಿಸಿರೆಂದು ಹೇಳುವ ಅಧಿಕಾರ ಅವರಿಗಿರಬೇಕು.

ಪ್ರಶ್ನೆ: ನಮ್ಮೊಂದಿಗೆ ಒಪ್ಪಂದ ಮಾಡಿಕೊಂಡ ಕಂಪನಿ ಸ್ಥಾವರವನ್ನು ಬೇರೊಬ್ಬರಿಗೆ ಮಾರಿದರೆ ಕೊಟ್ಟ ಮಾತಿನ ಗತಿ ಏನು?

ಉತ್ತರ: ಜಮೀನಿನ ಗುತ್ತಿಗೆಯ ಅವಧಿ ಸಾಮಾನ್ಯವಾಗಿ 25 ವರ್ಷ ಅಥವಾ ಅದಕ್ಕೂ ಹೆಚ್ಚು, ಅಷ್ಟರಲ್ಲಿ ಮಾಲೀಕರು ಬದಲಾಗುವುದು ಅಪರೂಪವೇನಲ್ಲ. ಬಾಯಿಮಾತಿನ ಭರವಸೆ ಅದನ್ನು ಕೊಟ್ಟ ಅಧಿಕಾರಿಯ ವರ್ಗಾವಣೆಯೊಂದಿಗೇ ಹೊರಟುಹೋಗುತ್ತದೆ. ಆದ್ದರಿಂದ ಒಪ್ಪಂದದ ಪ್ರತಿಯೊಂದು ಬಾಧ್ಯತೆಯೂ ಕೊಳ್ಳುವವರಿಗೆ ವರ್ಗವಾಗುತ್ತದೆಂಬ ಷರತ್ತನ್ನು ಕರಾರಿನಲ್ಲಿ ಬರೆಸಿ. ಅವಧಿ ಮುಗಿದ ಮೇಲೆ ಯಂತ್ರಗಳನ್ನು ಕಳಚಿ, ಕಾಂಕ್ರೀಟ್ ಅಡಿಪಾಯವನ್ನು ತೆಗೆದು, ನೆಲವನ್ನು ಮೊದಲಿನಂತೆ ಮಾಡಿಕೊಡುವ ಖರ್ಚಿಗೆ ಬ್ಯಾಂಕ್ ಖಾತರಿಯನ್ನು ಆರಂಭದಲ್ಲಿಯೇ ಕೇಳಿ. ಸಹಿ ಹಾಕುವ ಮುನ್ನ ನಿಮ್ಮದೇ ವಕೀಲರಿಗೆ ಕರಾರನ್ನು ತೋರಿಸಿ. ಆ ವಕೀಲರ ಶುಲ್ಕವನ್ನು ಕಂಪನಿಯೇ ಭರಿಸಬೇಕೆಂದು ಕೇಳುವುದರಲ್ಲಿ ಸಂಕೋಚಪಡಬೇಕಿಲ್ಲ. ವಕೀಲರನ್ನು ಆರಿಸುವವರು ಮಾತ್ರ ನೀವೇ ಆಗಿರಬೇಕು.