ರೆಕ್ಟಿಫೈಯರ್ ಟ್ಯೂಬ್ ಇಲ್ಲದೆ ಗಿಟಾರ್ ಆಂಪ್ ಓಡಿಸಬಹುದೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ರಾಯಚೂರಿನಲ್ಲಿದ್ದೀರಿ, ಎರಡು 6ವಿ6 (ಸ್ಪೀಕರಿಗೆ ಬಲ ಕೊಡುವ ಟ್ಯೂಬ್) ಇರುವ ಹಳೆಯ ಗಿಟಾರ್ ಆಂಪ್ ಇದೆ. ಆನ್ ಮಾಡಿದಾಗ, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಟ್ಯೂಬಿನೊಳಗೆ ನೀಲಿ ಮಿಂಚು ಹೊಡೆದು ಫ್ಯೂಸ್ ಹೋಯಿತು. ಆ ಟ್ಯೂಬ್ ಕಿತ್ತು, ಹೊಸ ಫ್ಯೂಸ್ ಹಾಕಿ ಆನ್ ಮಾಡಿದರೆ ಉಳಿದ ಟ್ಯೂಬ್‌ಗಳೆಲ್ಲ ಕೆಂಪಗೆ ಉರಿಯುತ್ತವೆ, ದನಿ ಮಾತ್ರ ಇಲ್ಲ. ಹೀಗೆ ಓಡಿಸಿದ್ದರಿಂದ ಆಂಪ್ ಹಾಳಾಯಿತೇ, ಶನಿವಾರದ ಕಾರ್ಯಕ್ರಮಕ್ಕೆ ಆ ಜಾಗದಲ್ಲಿ ಸಿಲಿಕಾನ್ ಡಯೋಡ್ ಹಾಕಬಹುದೇ ಅಂತ ಕೇಳಿದ್ದೀರಿ.

ಹಾಳಾಗಿಲ್ಲ. ಒಲೆ ಉರಿಯುತ್ತಿದೆ, ಮೇಲೆ ಎಸರೇ ಇಟ್ಟಿಲ್ಲ, ನಿಮ್ಮ ಆಂಪ್‌ನ ಸ್ಥಿತಿ ಅಷ್ಟೇ. ಪವರ್ ಟ್ರಾನ್ಸ್‌ಫಾರ್ಮರಿನಲ್ಲಿ ಬೇರೆ ಬೇರೆ ಸುತ್ತುಗಳಿರುತ್ತವೆ. 6.3 ವೋಲ್ಟಿನದು ಉಳಿದ ಎಲ್ಲ ಟ್ಯೂಬ್‌ಗಳ ಹೀಟರಿಗೆ, 5 ವೋಲ್ಟಿನದು ರೆಕ್ಟಿಫೈಯರಿನ ಹೀಟರಿಗೊಂದಕ್ಕೇ, ಇನ್ನೊಂದು ಮುನ್ನೂರು ಚಿಲ್ಲರೆ ವೋಲ್ಟಿನ ದೊಡ್ಡ ಸುತ್ತು. ಈ ದೊಡ್ಡದರ ಕರೆಂಟು ರೆಕ್ಟಿಫೈಯರ್ ದಾಟದೆ ಮುಂದೆ ಹೋಗುವ ಹಾಗಿಲ್ಲ. ಟ್ಯೂಬನ್ನೇ ಕಿತ್ತಿಟ್ಟರೆ ಪ್ಲೇಟುಗಳಿಗೆ ವೋಲ್ಟೇಜೇ ಇಲ್ಲ, ಹಾಗಾಗಿ ದನಿಯೂ ಇಲ್ಲ. ತಿಂಗಳುಗಟ್ಟಲೆ ಹಾಗೇ ಉರಿಸಿಟ್ಟರೆ ಟ್ಯೂಬಿನ ಕ್ಯಾಥೋಡಿಗೆ ಒಳ್ಳೆಯದಲ್ಲ, ಹತ್ತಿಪ್ಪತ್ತು ನಿಮಿಷಕ್ಕೆ ಏನೂ ಆಗುವುದಿಲ್ಲ. ನಿಜ ಹೇಳಬೇಕೆಂದರೆ ನೀವು ಗೊತ್ತಿಲ್ಲದೆಯೇ ರಿಪೇರಿಯ ಮೊದಲ ಟೆಸ್ಟ್ ಮುಗಿಸಿದ್ದೀರಿ: ರೆಕ್ಟಿಫೈಯರ್ ಇಲ್ಲದಾಗ ಫ್ಯೂಸ್ ನಿಂತಿದೆ ಅಂದರೆ ಟ್ರಾನ್ಸ್‌ಫಾರ್ಮರ್ ಬಹುತೇಕ ಬದುಕಿದೆ. ಆಂಪ್‌ನಲ್ಲಿ ಅತ್ಯಂತ ದುಬಾರಿ ಸಾಮಾನು ಅದೇ.

ಟ್ಯೂಬ್ ಇಲ್ಲದಿರುವುದಕ್ಕಿಂತ ಕೆಟ್ಟ ಟ್ಯೂಬ್ ಅಲ್ಲೇ ಕೂತಿರುವುದು ಅಪಾಯ. 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಮೊದಲ ಡಯೋಡ್ ಟ್ಯೂಬ್ ಮಾಡಿದಾಗ ಅದಕ್ಕೆ ವಾಲ್ವ್ ಅಂತ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಬಾವಿಯ ಪಂಪಿನ ಫುಟ್‌ವಾಲ್ವ್ ಇದ್ದ ಹಾಗೆ, ಒಂದೇ ದಿಕ್ಕಿಗೆ ಬಿಡುತ್ತದೆ. ಒಳಗೆ ಪ್ಲೇಟು ಕ್ಯಾಥೋಡು ಶಾರ್ಟ್ ಆದರೆ ಎಸಿ ಕರೆಂಟು ನೇರವಾಗಿ, ಡಿಸಿಯ ಏರಿಳಿತ ಸಮಮಾಡುವ ಮೇನ್ ಕಂಡೆನ್ಸರಿಗೆ ನುಗ್ಗುತ್ತದೆ. ಎಲೆಕ್ಟ್ರೋಲಿಟಿಕ್ ಕಂಡೆನ್ಸರಿಗೆ ಎಸಿ ಆಗಿಬರುವುದಿಲ್ಲ. ಅದು ಕಾಯುತ್ತದೆ, ಉಬ್ಬುತ್ತದೆ, ಟ್ರಾನ್ಸ್‌ಫಾರ್ಮರ್ ಮೇಲೆ ಭಾರ ಬೀಳುತ್ತದೆ. ಆಗ ಅಡ್ಡ ನಿಲ್ಲುವುದು ಫ್ಯೂಸ್ ಒಂದೇ.

ಇದನ್ನು ನಾನು ಕಲಿತದ್ದು ಟ್ರಾನ್ಸ್‌ಫಾರ್ಮರ್ ಸುಟ್ಟುಕೊಂಡು. ಈಗ ಬಳ್ಳಾರಿಯಲ್ಲಿದ್ದೇನೆ, ಆಗ ಗಂಗಾವತಿಯಲ್ಲಿ ಸೋದರಮಾವನ ಮೈಕ್‌ಸೆಟ್ ಅಂಗಡಿಯಲ್ಲಿ ವೈರ್ ಸುತ್ತುವ ಹುಡುಗ. ಒಂದು ಊರಿನ ಜಾತ್ರೆ, ಕಂಪನಿ ನಾಟಕ, ನಮ್ಮದು ವಾಲ್ವಿನ ದೊಡ್ಡ ಆಂಪ್ಲಿಫೈಯರ್. ಎರಡನೇ ಅಂಕದಲ್ಲಿ ಫ್ಯೂಸ್ ಹೋಯಿತು. ಮಾವ ಊಟಕ್ಕೆ ಹೋಗಿದ್ದ. ಜನ ಸೀಟಿ ಹೊಡೆಯುತ್ತಿದ್ದರು. ನಾನು ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಫ್ಯೂಸಿನ ಜಾಗಕ್ಕೆ ತುರುಕಿದೆ. ದನಿ ಬಂತು! ಹಾರ್ಮೋನಿಯಂ ಮೇಸ್ಟ್ರು ನನ್ನ ಕಡೆ ನೋಡಿ ತಲೆ ಆಡಿಸಿದರು. ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ, ವಾರ್ನಿಷ್ ಸುಟ್ಟ ವಾಸನೆ ಶುರುವಾಯಿತು. ಟ್ರಾನ್ಸ್‌ಫಾರ್ಮರಿನ ಪತ್ತಿಗಳ ಸಂದಿಯಿಂದ ಕಪ್ಪು ಅಂಟು ಇಳಿದು, ಕೆಳಗೆ ಹಾಸಿದ್ದ ಗೋಣಿಚೀಲಕ್ಕೆ ತೊಟ್ಟಿಕ್ಕುತ್ತಿತ್ತು. ಮಾವ ಬಂದು ಬೈಯಲಿಲ್ಲ. "ಫ್ಯೂಸು ಯಾಕ ಹೋತು ಅಂತ ಅದನ್ನ ಕೇಳಿದ್ಯೇನಲೇ?" ಅಂದ. ಅದನ್ನು ರಿವೈಂಡಿಂಗ್‌ಗೆ ಕೊಟ್ಟು, ಬಾಕಿ ಜಾತ್ರೆಗಳಿಗೆಲ್ಲ ಬಾಡಿಗೆ ಸೆಟ್ ತಂದೆವು.

ಹಾಗಾಗಿ ಆ ನೀಲಿ ಮಿಂಚಿನ ಟ್ಯೂಬನ್ನು ಮತ್ತೆ ಸಾಕೆಟ್ಟಿಗೆ ಹಾಕಬೇಡಿ, ಒಂದು ಸಲ ನೋಡೋಣ ಅಂತಲೂ ಬೇಡ. ಫ್ಯೂಸ್ ಆಂಪ್‌ನ ಹಿಂದೆ ಎಷ್ಟು ಬರೆದಿದೆಯೋ ಅಷ್ಟರದೇ ಇರಲಿ.

ಹೊಸ ಟ್ಯೂಬ್ ಹಾಕಿ ನುಡಿಸುವ ಮುಂಚೆ ಮಾವನ ಪ್ರಶ್ನೆಯನ್ನು ನೀವೂ ಕೇಳಿಕೊಳ್ಳಿ. ರೆಕ್ಟಿಫೈಯರ್ ತಾನಾಗಿ ಸಾಯುವುದುಂಟು, ಆದರೆ ಮೇನ್ ಕಂಡೆನ್ಸರೋ ಒಂದು 6ವಿ6ಓ ಶಾರ್ಟ್ ಆಗಿ ಅದನ್ನು ಕೊಂದಿರುವುದೂ ಅಷ್ಟೇ ಉಂಟು. ಕಾರಣ ಹಾಗೇ ಉಳಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಇದನ್ನು ನೋಡಲು ನಮ್ಮ ಹಳೆಯ ಸೀರೀಸ್ ಬಲ್ಬಿನಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. 60 ಅಥವಾ 100 ವ್ಯಾಟಿನ ತಂತಿ ಬಲ್ಬು ಬೇಕು, ಎಲ್‌ಇಡಿ ನಡೆಯುವುದಿಲ್ಲ. ಹಳೆಯ ಎಲೆಕ್ಟ್ರಿಕ್ ಅಂಗಡಿಯವರನ್ನು ಕೇಳಿ, ಅಟ್ಟದ ಮೇಲೆ ಇಟ್ಟಿರುತ್ತಾರೆ. ಆಂಪ್‌ಗೆ ಹೋಗುವ ಫೇಸ್ ವೈರಿನಲ್ಲಿ ಅದನ್ನು ಸೀರೀಸ್ ಹಾಕಿ. ಮೊದಲು ರೆಕ್ಟಿಫೈಯರ್ ಇಲ್ಲದೆ ಆನ್ ಮಾಡಿ, ಬಲ್ಬು ಮಂದವಾಗಿ ಉರಿದರೆ ಸರಿ. ಆಮೇಲೆ ಒಳ್ಳೆಯ ರೆಕ್ಟಿಫೈಯರ್ ಹಾಕಿ, ಆದರೆ 6ವಿ6 ಎರಡನ್ನೂ ತೆಗೆದಿಟ್ಟು ನೋಡಿ. ಕಂಡೆನ್ಸರ್ ತುಂಬುವಾಗ ಬಲ್ಬು ಒಂದಿಷ್ಟು ಬೆಳಗಿ ಮತ್ತೆ ಮಂಕಾಗಬೇಕು. ಬೆಳಗಿದ್ದು ಬೆಳಗಿದ ಹಾಗೇ ನಿಂತರೆ ಕಂಡೆನ್ಸರ್ ಮೇಲೆ ಅನುಮಾನ. ಮಂಕಾದರೆ ಆಫ್ ಮಾಡಿ 6ವಿ6 ಹಾಕಿ ಮತ್ತೆ ನೋಡಿ, ಈಗ ಜೋರಾಗಿ ಉರಿದರೆ ಕಳ್ಳ ಅಲ್ಲಿದ್ದಾನೆ, ಇಲ್ಲವೇ ಬಯಾಸ್ (6ವಿ6ಗಳ ಕರೆಂಟನ್ನು ಹಿಡಿತದಲ್ಲಿಡುವ ವೋಲ್ಟೇಜು) ಬರುತ್ತಿಲ್ಲ. ಸ್ಪೀಕರ್ ಮಾತ್ರ ಯಾವಾಗಲೂ ಜೋಡಿಸಿಯೇ ಇರಲಿ.

ಚಾಸಿಯ ಒಳಗೆ ಕೈ ಹಾಕುವ ಕೆಲಸ ಬಂದರೆ ಒಂದು ಎಚ್ಚರ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರಿನಲ್ಲಿ 400 ವೋಲ್ಟ್ ಕೂತಿರಬಹುದು. 10 ಕಿಲೋಓಮ್, 5 ವ್ಯಾಟಿನ ರೆಸಿಸ್ಟರಿನಿಂದ ಖಾಲಿ ಮಾಡಿ, ಕಂಡೆನ್ಸರಿನ ಎರಡು ತುದಿಗೇ ಮೀಟರ್ ಹಿಡಿದು ಖಾತ್ರಿಪಡಿಸಿಕೊಳ್ಳಿ. ಸ್ಕ್ರೂಡ್ರೈವರಿನಿಂದ ಚಟ್ ಅನ್ನಿಸುವವರನ್ನು ನಾನು ನೋಡಿದ್ದೇನೆ, ಅವರ ಸ್ಕ್ರೂಡ್ರೈವರಿನ ತುದಿಯನ್ನೂ ನೋಡಿದ್ದೇನೆ. ಕೈ ಪಳಗಿಲ್ಲದಿದ್ದರೆ ಇಲ್ಲಿಗೆ ನಿಲ್ಲಿಸಿ, ಬಲ್ಲವರಿಗೆ ಕೊಡಿ.

ಈಗ ಡಯೋಡಿನ ವಿಷಯ. ಡಯೋಡ್ ಹಾಕುವುದೇ ತಪ್ಪು ಅಂತ ಹೇಳುವವನು ನಾನಲ್ಲ. ಫೆಂಡರ್ ಟ್ವಿನ್ ರಿವರ್ಬ್ ಆಂಪ್ ಹುಟ್ಟಿನಿಂದಲೇ ಸಿಲಿಕಾನ್ ಡಯೋಡಿನದು. ಆದರೆ ಅದನ್ನು ಆ ಲೆಕ್ಕಕ್ಕೇ ಕಟ್ಟಿದ್ದಾರೆ, ನಿಮ್ಮದನ್ನು ಕಟ್ಟಿದ್ದು ಟ್ಯೂಬಿನ ಲೆಕ್ಕಕ್ಕೆ. ನಿಮ್ಮ ಸಾಕೆಟ್ಟಿನಲ್ಲಿದ್ದದ್ದು ಜಿಝಡ್34, ಅಂದರೆ 5ಎಆರ್4. 225 ಮಿಲಿಆಂಪ್ ಎಳೆದಾಗ ಅದು ತಾನು ನುಂಗುವುದು ಸುಮಾರು 17 ವೋಲ್ಟ್. ಅದೇ 5ವೈ3 ಆಗಿದ್ದರೆ 125 ಮಿಲಿಆಂಪಿಗೇ 60 ವೋಲ್ಟ್ ನುಂಗುತ್ತಿತ್ತು. 1ಎನ್4007 ಸಿಲಿಕಾನ್ ಡಯೋಡ್ ನುಂಗುವುದು ಹೆಚ್ಚುಕಡಿಮೆ ಒಂದು ವೋಲ್ಟ್. ಅಷ್ಟು ವೋಲ್ಟೇಜು ಹೆಚ್ಚಾಗಿ 6ವಿ6ಗಳ ಮೇಲೆ ಬೀಳುತ್ತದೆ. ಇನ್ನೊಂದು, ಜಿಝಡ್34 ನಿಧಾನವಾಗಿ ಬಿಸಿಯಾಗುತ್ತದೆ, ಅಷ್ಟರಲ್ಲಿ ಉಳಿದ ಟ್ಯೂಬ್‌ಗಳೂ ಎದ್ದಿರುತ್ತವೆ. ಡಯೋಡ್ ಹಾಗೆ ತಡಮಾಡುವುದಿಲ್ಲ. ಸ್ವಿಚ್ ಒತ್ತಿದ ಕ್ಷಣ, ಕರೆಂಟು ಎಳೆಯುವವರೇ ಇಲ್ಲದಾಗ, 330 ವೋಲ್ಟಿನ ಸುತ್ತಿದ್ದರೆ ಕಂಡೆನ್ಸರ್ ಮೇಲೆ 467 ವೋಲ್ಟ್ ನಿಲ್ಲುತ್ತದೆ.

ಇದಕ್ಕೆ ನಮ್ಮ ಕಡೆಯ ಕರೆಂಟನ್ನೂ ಸೇರಿಸಿ. ಹೊಲದ ಪಂಪುಗಳು ಓಡುವ ಹೊತ್ತಿನಲ್ಲಿ ನನ್ನ ಮೀಟರ್ 205 ತೋರಿಸಿದ್ದುಂಟು, ರಾತ್ರಿ ಹನ್ನೊಂದರ ಮೇಲೆ 248 ತೋರಿಸಿದ್ದೂ ಉಂಟು. (ಶಕ್ತಿನಗರದ ವಿದ್ಯುತ್ ಸ್ಥಾವರದ ಪಕ್ಕದವರು ನೀವು, ನಿಮ್ಮಲ್ಲಿ ಇನ್ನೂ ಚೆನ್ನಾಗಿರಬೇಕಿತ್ತು, ಇರಲಿ.) 230ಕ್ಕೆ 467 ಆದದ್ದು 248ಕ್ಕೆ 503 ಆಗುತ್ತದೆ. ಕಂಡೆನ್ಸರ್ ಮೇಲೆ 450 ಅಂತ ಬರೆದಿದ್ದರೆ ಹಗಲು ಪ್ರಾಕ್ಟೀಸಿನಲ್ಲಿ ಹೇಗೋ ತಡೆದದ್ದು ರಾತ್ರಿ ಸ್ಟೇಜಿನ ಮೇಲೆ ಸಿಡಿಯುತ್ತದೆ. ಅದಕ್ಕೇ ಶನಿವಾರದ ಅವಸರಕ್ಕೆ ಬರಿಯ ಡಯೋಡ್ ಬೇಡ ಅನ್ನುತ್ತೇನೆ. ಹಾಕಲೇಬೇಕೆಂದರೆ ಸೀರೀಸ್ ರೆಸಿಸ್ಟರ್ ಇರುವ, ಸಾಕೆಟ್ಟಿಗೆ ಕೂರುವ ರೆಡಿಮೇಡ್ ಪ್ಲಗ್ ಸಿಗುತ್ತದೆ, ಅದನ್ನು ತರಿಸಿ ಬಯಾಸ್ ಮತ್ತೆ ಅಳೆಯಿರಿ.

ಬದಲಿ ಟ್ಯೂಬ್ ಹುಡುಕುವಾಗ ಆಕಾರ ನೋಡಿ ಮೋಸಹೋಗಬೇಡಿ. 5ಯು4 ಅದೇ ಸಾಕೆಟ್ಟಿಗೆ ಕೂರುತ್ತದೆ, ಆದರೆ ಹೀಟರಿಗೆ 3 ಆಂಪ್ ಕೇಳುತ್ತದೆ, ಜಿಝಡ್34 ಕೇಳುವುದು 1.9. ನಿಮ್ಮ 5 ವೋಲ್ಟಿನ ಸುತ್ತು ಅಷ್ಟು ಕೊಡಲಾರದೆ ಕಾಯಬಹುದು. 5ವಿ4 ಸಿಕ್ಕರೆ ಒಂದು ರಾತ್ರಿಗೆ ಧಾರಾಳವಾಗಿ ಹಾಕಿ, ಅದಕ್ಕೆ 2 ಆಂಪ್ ಸಾಕು. ದನಿ ಸ್ವಲ್ಪ ಮೆತ್ತಗಾಗುತ್ತದೆ, ಬ್ಲೂಸ್ ನುಡಿಸುವವರಿಗೆ ಅದೇ ಇಷ್ಟವೂ ಆಗಬಹುದು. ಅಜ್ಜನ ರೇಡಿಯೋದಿಂದ ಕಿತ್ತ ಇಝಡ್81 ತಂದುಕೊಟ್ಟರೆ ವಾಪಸ್ ಕೊಡಿ, ಅದು ಒಂಬತ್ತು ಪಿನ್ನಿನದು, 6.3 ವೋಲ್ಟಿನದು.

ರೆಕ್ಟಿಫೈಯರ್ ಎಲ್ಲ ಸಲ ಮಿಂಚು ಹೊಡೆದೇ ಸಾಯುವುದಿಲ್ಲ. ಎರಡು ಪ್ಲೇಟಿನಲ್ಲಿ ಒಂದೇ ಕೆಲಸ ನಿಲ್ಲಿಸಿದರೆ ದನಿ ಬರುತ್ತದೆ, ಬಲ ಇರುವುದಿಲ್ಲ, ಗುಂಯ್‌ಗುಟ್ಟುವುದು ಶುರುವಾಗುತ್ತದೆ. ನೀವು ಗಿಟಾರಿನವರು, ಕಿವಿಯಲ್ಲೇ ಹಿಡಿಯಬಹುದು. ರೆಕ್ಟಿಫೈಯರ್ ಸರಿಯಿದ್ದು ಕಂಡೆನ್ಸರ್ ಒಣಗಿದ್ದರೆ ಹಮ್ 100 ಹರ್ಟ್ಸ್, ಅಂದರೆ ಆರನೇ ತಂತಿಯ ಮೂರನೇ ಫ್ರೆಟ್ಟಿನ ಜಿ ಸ್ವರಕ್ಕೆ ಒಂದು ಕೂದಲೆಳೆ ಮೇಲೆ. ಅರ್ಧ ರೆಕ್ಟಿಫೈಯರ್ ಸತ್ತಿದ್ದರೆ 50 ಹರ್ಟ್ಸ್ ಸೇರಿಕೊಳ್ಳುತ್ತದೆ, ಅದೇ ಜಿ, ಒಂದು ಸಪ್ತಕ ಕೆಳಗೆ.

ಶನಿವಾರದೊಳಗೆ ಟ್ಯೂಬ್ ಬರದಿದ್ದರೆ ಯಾರದ್ದಾದರೂ ಆಂಪ್ ಎರವಲು ತಂದು ನುಡಿಸಿ. ಸೀರೀಸ್ ಬಲ್ಬು ಎಲ್ಲಿ ಮಂಕಾಯಿತು, ಎಲ್ಲಿ ಆಗಲಿಲ್ಲ, ಮತ್ತು ಕಂಡೆನ್ಸರಿನ ಮೈಮೇಲೆ ಎಷ್ಟು ವೋಲ್ಟ್ ಅಂತ ಬರೆದಿದೆ, ಅಷ್ಟನ್ನು ಇಲ್ಲೇ ಕೆಳಗೆ ಬರೆಯಿರಿ. ಮುಂದಿನದು ಅದನ್ನು ನೋಡಿ ಹೇಳುತ್ತೇನೆ.