ಆಪ್ತಸಲಹೆ ಪ್ರಕರಣ: ಧಾನ್ಯ ಬದಲಾಯಿತು, ಮುಟ್ಟು ಬರಲಿಲ್ಲ

ಸಲಹೆ ಕೇಳಿ ಬಂದ ಯುವತಿಯೊಬ್ಬರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಹಳೇ ಮೈಸೂರು ಕಡೆಯ ಹಳ್ಳಿಯೊಂದರಲ್ಲಿ ಬೆಳೆದು, ಬೆಂಗಳೂರಿನ ಪಿಜಿಯಲ್ಲಿದ್ದುಕೊಂಡು ಲೆಕ್ಕಪತ್ರದ ಕೆಲಸ ಮಾಡುವ 26 ವರ್ಷದ ಯುವತಿ ಆಕೆ. ನಾಲ್ಕು ತಿಂಗಳಿಂದ ಮುಟ್ಟಾಗಿರಲಿಲ್ಲ. ಒಂದು ವರ್ಷದ ಹಿಂದೆಯೇ ಸ್ತ್ರೀರೋಗ ತಜ್ಞರು ಪಿಸಿಒಎಸ್ (ಹಾರ್ಮೋನುಗಳ ಏರುಪೇರಿನಿಂದ ಮುಟ್ಟು ತಪ್ಪುವ ಅಂಡಾಶಯದ ತೊಂದರೆ) ಎಂದು ಗುರುತಿಸಿ, ದೇಹ ಇನ್ಸುಲಿನ್‌ಗೆ ಸ್ಪಂದಿಸಲು ನೆರವಾಗುವ ಮೆಟ್‌ಫಾರ್ಮಿನ್ ಮಾತ್ರೆ ಬರೆದುಕೊಟ್ಟಿದ್ದರು.

ಮೊದಲ ಭೇಟಿಯಲ್ಲಿ ಹೆಚ್ಚು ಮಾತನಾಡಿದವರು ತಾಯಿ. "ಅಕ್ಕಿ ಬಿಡು ಅಂದ್ರು, ಬಿಟ್ಟಳು ಮೇಡಂ. ಸಿರಿಧಾನ್ಯ ತಿನ್ನು ಅಂದ್ರು, ತಿಂತಾ ಇದಾಳೆ. ಇನ್ನೇನು ಮಾಡ್ಬೇಕು ಹೇಳಿ?" ಎಂದು ಅವರು ಕೇಳುತ್ತಿದ್ದಾಗ ಮಗಳು ತಲೆ ಎತ್ತಲಿಲ್ಲ. ತಾಯಿಯನ್ನು ಸ್ವಲ್ಪ ಹೊತ್ತು ಹೊರಗೆ ಕುಳಿತಿರಲು ಕೇಳಿಕೊಂಡ ಮೇಲೆಯೇ ಆಕೆ ಬಾಯಿಬಿಟ್ಟಿದ್ದು. ಬೆಳಿಗ್ಗೆ ರೂಮಿನ ಗೆಳತಿಯರು ಏಳುವ ಮೊದಲೇ ಬಚ್ಚಲುಮನೆಗೆ ಹೋಗಿ, ಮೊಬೈಲಿನ ಟಾರ್ಚ್ ಹಿಡಿದು ಗದ್ದದ ಮೇಲಿನ ಕೂದಲನ್ನು ಚಿಮಟದಿಂದ ಕೀಳುವುದು ದಿನಚರಿಯಾಗಿತ್ತಂತೆ. ಮಾತ್ರೆಯಿಂದ ಹೊಟ್ಟೆ ತೊಳಸುತ್ತಿತ್ತು. ಧಾನ್ಯದಿಂದಲೇ ಎಲ್ಲವೂ ವಾಸಿಯಾಗುತ್ತದೆ ಎಂದು ಯಾವುದೋ ವಿಡಿಯೊದಲ್ಲಿ ಕೇಳಿ, ಯಾರಿಗೂ ಹೇಳದೆ ಮಾತ್ರೆಯನ್ನು ನಿಲ್ಲಿಸಿಯೂ ಬಿಟ್ಟಿದ್ದರು.

ಒಂದು ದಿನದ ಊಟವನ್ನು ಗಂಟೆಯ ಲೆಕ್ಕದಲ್ಲಿ ಬರೆದುಕೊಡುವಂತೆ ಕೇಳಿದೆ. ಬೆಳಿಗ್ಗೆ ಬೆಲ್ಲ ಹಾಕಿದ ತೆಳು ರಾಗಿ ಗಂಜಿ, ಮಧ್ಯಾಹ್ನ ಒಂದು ಸಣ್ಣ ಡಬ್ಬಿ ನವಣೆ ಅನ್ನಕ್ಕೆ ತಿಳಿಸಾರು, ಸಂಜೆ ಕಾಫಿಯೊಂದಿಗೆ ರಾಗಿ ಬಿಸ್ಕತ್ತು, ರಾತ್ರಿ ಏನೂ ಇಲ್ಲ. ಆದರೆ ಹನ್ನೊಂದು ಗಂಟೆಗೆ ಹಸಿವು ತಡೆಯಲಾಗದೆ ಮತ್ತೆ ಅದೇ ಬಿಸ್ಕತ್ತಿನ ಪೊಟ್ಟಣ. ಕಾಳಿಲ್ಲ, ಸೊಪ್ಪಿಲ್ಲ, ಮೊಸರಿಲ್ಲ, ಮೊಟ್ಟೆಯಿಲ್ಲ. ಪೊಟ್ಟಣ ಬ್ಯಾಗಿನಲ್ಲೇ ಇತ್ತು. ಅದರ ಹಿಂಭಾಗವನ್ನು ಇಬ್ಬರೂ ಕೂಡಿ ಓದಿದೆವು. ಯಾವ ಪದಾರ್ಥದ ತೂಕ ಹೆಚ್ಚೋ ಅದರ ಹೆಸರನ್ನು ಮೊದಲು ಮುದ್ರಿಸಬೇಕೆಂಬುದು ನಿಯಮ. ಮೊದಲು ಮೈದಾ ಇತ್ತು, ನಂತರ ಸಕ್ಕರೆ, ಆಮೇಲೆ ಎಣ್ಣೆ. ರಾಗಿಯ ಹೆಸರು ಸಿಕ್ಕಿದ್ದು ನಾಲ್ಕನೆಯದಾಗಿ. ಆಕೆ ಆ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನಿದ್ದರು.

ಇಲ್ಲಿ ತಪ್ಪು ಆಕೆಯದಲ್ಲ. ನಮ್ಮಲ್ಲಿ ಧಾನ್ಯವನ್ನು ಔಷಧಿಯೆಂಬಂತೆ ಹೇಳುವ ಮಾತು ಹೆಚ್ಚಾಗಿದೆ. ಅದು ದೇಹದಲ್ಲಿ ಏನು ಮಾಡಬಲ್ಲದು, ಏನು ಮಾಡಲಾರದು ಎಂದು ವಿವರಿಸುವವರು ಕಡಿಮೆ. ಪಿಸಿಒಎಸ್ ಇರುವ ಬಹಳಷ್ಟು ಮಹಿಳೆಯರಲ್ಲಿ ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸುವುದಿಲ್ಲವಾದ್ದರಿಂದ, ರಕ್ತದ ಸಕ್ಕರೆಯನ್ನು ಹಿಡಿತದಲ್ಲಿಡಲು ಮೇದೋಜ್ಜೀರಕ ಗ್ರಂಥಿ ಹೆಚ್ಚು ಹೆಚ್ಚು ಇನ್ಸುಲಿನ್ ಸುರಿಸಬೇಕಾಗುತ್ತದೆ. ಹೀಗೆ ಹೆಚ್ಚಿದ ಇನ್ಸುಲಿನ್ ಅಂಡಾಶಯವನ್ನು ಟೆಸ್ಟೋಸ್ಟಿರೋನ್‌ನಂಥ ಪುರುಷ ಹಾರ್ಮೋನುಗಳನ್ನು ಅಧಿಕವಾಗಿ ತಯಾರಿಸುವಂತೆ ಪ್ರಚೋದಿಸುತ್ತದೆ. ಜೊತೆಗೆ, ಆ ಹಾರ್ಮೋನನ್ನು ರಕ್ತದಲ್ಲಿ ಕಟ್ಟಿಹಾಕುವ ಪ್ರೋಟೀನನ್ನು ಯಕೃತ್ತು ತಯಾರಿಸುವುದನ್ನೂ ತಗ್ಗಿಸುತ್ತದೆ. ಗದ್ದದ ಕೂದಲು, ಮೊಡವೆ, ಅಂಡಾಣು ಬಿಡುಗಡೆಯಾಗದೆ ಮುಂದಕ್ಕೆ ಹೋಗುವ ಮುಟ್ಟು, ಇವೆಲ್ಲ ಒಂದೇ ಬೇರಿನ ಕವಲುಗಳು. ತವುಡು ಉಳಿದಿರುವ ಇಡಿಧಾನ್ಯ ಉಪಯೋಗಕ್ಕೆ ಬರುವುದು ಇಲ್ಲಿಯೇ: ಅದರ ನಾರು ಸಕ್ಕರೆ ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುತ್ತದೆ, ಹೊಟ್ಟೆ ತುಂಬಿದ ಭಾವವನ್ನು ಹೆಚ್ಚು ಹೊತ್ತು ಉಳಿಸುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಮತ್ತು 364 ಮಿಲಿಗ್ರಾಂ ಕ್ಯಾಲ್ಸಿಯಂ ಇವೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ನಾರು 3 ಗ್ರಾಮಿನ ಆಸುಪಾಸು. ಆದರೆ ಅದೇ ರಾಗಿಯನ್ನು ನುಣ್ಣಗೆ ಬೀಸಿ, ಜರಡಿ ಹಿಡಿದು, ಬೆಲ್ಲ ಹಾಕಿ ಗಂಜಿ ಮಾಡಿ ಕುಡಿದರೆ ಸಕ್ಕರೆ ಬೇಗನೆ ಏರುತ್ತದೆ. ಬಿಳಿಯಾಗುವವರೆಗೆ ಪಾಲಿಷ್ ಮಾಡಿದ ಸಾಮೆ, ನವಣೆಗೂ ಇದೇ ಮಾತು. ಪಿಸಿಒಎಸ್ ಕುರಿತ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಯಾವುದೋ ಒಂದು ಆಹಾರಕ್ರಮವೇ ಉಳಿದೆಲ್ಲಕ್ಕಿಂತ ಮೇಲು ಎಂದು ಹೇಳಿಲ್ಲ.

ನಾನು ಮೊದಲು ಹೇಳಿದ್ದು ಊಟದ ವಿಷಯವನ್ನಲ್ಲ. ಮೂರು ತಿಂಗಳಿಗೂ ಮೀರಿ ಮುಟ್ಟು ನಿಂತಿದ್ದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತ ಹೋಗಬಹುದಾದ್ದರಿಂದ ತಜ್ಞರನ್ನು ಆ ವಾರವೇ ಕಾಣಬೇಕೆಂದೂ, ಮಾತ್ರೆ ನಿಲ್ಲಿಸಿದ ಸಂಗತಿಯನ್ನು ಮುಚ್ಚಿಡಬಾರದೆಂದೂ ತಿಳಿಸಿದೆ. ಮಾತ್ರೆ ಬೇಕೋ ಬೇಡವೋ ಎಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ. ವೈದ್ಯರು ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲಿಗೆ ಸಂಬಂಧಿಸಿದ ಹಾರ್ಮೋನು), ಹಿಮೊಗ್ಲೋಬಿನ್ ನೋಡಿ, ಮೆಟ್‌ಫಾರ್ಮಿನನ್ನು ಕಡಿಮೆ ಪ್ರಮಾಣದಲ್ಲಿ ಊಟದ ಜೊತೆ ಮತ್ತೆ ಆರಂಭಿಸಿದರು. ತೊಳಸುವಿಕೆ ಬಹುಪಾಲು ತಗ್ಗಿತು.

ಎರಡನೆಯದು, ಉಪವಾಸವನ್ನು ಕೈಬಿಡುವುದು. ಊಟ ತೀರ ಕಡಿಮೆಯಾದರೆ ಮಿದುಳೇ ಅಂಡಾಶಯಕ್ಕೆ ಸೂಚನೆ ಕೊಡುವುದನ್ನು ತಗ್ಗಿಸಿ, ಆ ಕಾರಣದಿಂದಲೂ ಮುಟ್ಟು ನಿಲ್ಲಬಹುದು ಎಂಬುದು ಆಕೆಗೆ ಗೊತ್ತಿರಲಿಲ್ಲ. ರಾತ್ರಿ ಎಂಟರೊಳಗೆ ಪಿಜಿಯ ಎರಡು ಚಪಾತಿಯೊಂದಿಗೆ ಕಾಳುಪಲ್ಯ ಮತ್ತು ಮೊಸರು ಎಂದು ನಿಶ್ಚಯಿಸಿದೆವು. ಮಧ್ಯಾಹ್ನದ ಡಬ್ಬಿಗೆ ಮೊಳಕೆ ಹುರುಳಿಯೋ ಹೆಸರುಕಾಳೋ ಸೇರಿತು. ಅನ್ನವಿದ್ದರೂ ಅಡ್ಡಿಯಿಲ್ಲ, ತಟ್ಟೆಯ ಅರ್ಧ ಭಾಗ ತರಕಾರಿ ಇರಲಿ ಎಂದೆ. ಗಂಜಿಯ ಬದಲು ಬೇಯಿಸಿದ ಮೊಟ್ಟೆ ಮತ್ತು ತರಕಾರಿ ಹಾಕಿದ ಗೋಧಿ ರವೆ ಉಪ್ಪಿಟ್ಟು. ಕಾಫಿಯನ್ನು ಬಿಡಿಸಲಿಲ್ಲ, ಊಟದಿಂದ ಒಂದು ಗಂಟೆ ದೂರವಿಟ್ಟೆವು, ಏಕೆಂದರೆ ಅದು ಕಬ್ಬಿಣಾಂಶ ಹೀರಿಕೆಯಾಗುವುದನ್ನು ತಡೆಯುತ್ತದೆ. ಊಟದ ನಂತರ ಇಪ್ಪತ್ತು ನಿಮಿಷ ನಡೆಯುವುದಕ್ಕೆ ಗೆಳತಿಯೊಬ್ಬರೂ ಜೊತೆಯಾದರು.

ತಾಯಿಗೂ ಒಂದು ಮಾತು ಹೇಳಬೇಕಿತ್ತು. ಊರಿಗೆ ಹೋದಾಗ ಮಗಳಿಗೆ ಮಾತ್ರ ಬೇರೆ ಪಾತ್ರೆಯಲ್ಲಿ "ಪಥ್ಯ" ಮಾಡಿ ಬಡಿಸುವುದು, ನೆಂಟರ ಮುಂದೆ ಆಕೆಯ ಕಾಯಿಲೆಯನ್ನು ತಟ್ಟೆಯಲ್ಲಿಟ್ಟು ತೋರಿಸಿದಂತೆ. "ನೀವು ಮೊದಲಿನಿಂದ ಮಾಡುವ ಮುದ್ದೆ, ಬಸ್ಸಾರು, ಕಾಳಿನ ಪಲ್ಯವನ್ನೇ ಎಲ್ಲರಿಗೂ ಬಡಿಸಿ" ಎಂದಾಗ ಅವರಿಗೆ ನೆಮ್ಮದಿಯಾದದ್ದು ಮುಖದಲ್ಲೇ ಕಂಡಿತು.

ವೈದ್ಯರು ಕೊಟ್ಟ ಹಾರ್ಮೋನ್ ಮಾತ್ರೆಯ ನಂತರ ಒಮ್ಮೆ ಮುಟ್ಟಾಯಿತು. ಆಮೇಲೆ 47 ದಿನಕ್ಕೆ, ಅದರ ನಂತರ 39 ದಿನಕ್ಕೆ ತಾನಾಗಿಯೇ ಬಂತು. ಊಟವೋ, ನಡಿಗೆಯೋ, ಮಾತ್ರೆಯೋ, ಯಾವುದರಿಂದ ಎಷ್ಟು ಗುಣವಾಯಿತೆಂದು ಬಿಡಿಸಿ ಹೇಳಲಾಗದು, ನಾನು ಹೇಳಿಯೂ ಇಲ್ಲ. ಗದ್ದದ ಕೂದಲು ಕಡಿಮೆಯಾಗಿಲ್ಲ; ಅದಕ್ಕೆ ಆರು ತಿಂಗಳಾದರೂ ಬೇಕೆಂದು ಮೊದಲೇ ತಿಳಿಸಿ, ಚರ್ಮರೋಗ ತಜ್ಞರ ಬಳಿಗೆ ಕಳಿಸಿದ್ದೇನೆ. ಕಳೆದ ಭೇಟಿಗೆ ಆಕೆ ಒಬ್ಬರೇ ಬಂದಿದ್ದರು. ಬಚ್ಚಲುಮನೆಗೆ ಟಾರ್ಚ್ ಹಿಡಿದು ಹೋಗುವುದನ್ನು ಬಿಟ್ಟಿದ್ದೇನೆ, ರೂಮಿನ ಗೆಳತಿಗೆ ವಿಷಯ ಹೇಳಿದೆ, ಆಕೆಗೂ ಇದೇ ತೊಂದರೆ ಇದೆಯಂತೆ ಎಂದರು.